ಪದ ಪರಿಚಯ: ಕಡಲ ಹಾವು

ಕೃಷ್ಣೆ, ಘಟಪ್ರಭೆ ತುಂಬಿ ಬಂದರೆ ಸಾಕು, ಜಮಖಂಡಿ, ಮುಧೋಳದ ಕಡೆಯಿಂದ ಒಂದು ವಿಡಿಯೊ ಮೊಬೈಲಿಗೆ ಬಂದೇ ಬರುತ್ತದೆ. ಕೆಂಪು ನೀರಲ್ಲಿ ಈಜುವ ಹಾವು, ಕೆಳಗೆ ‘ಸಮುದ್ರದಾಗಿನ ಹಾವ ಐತಿ, ಕಡದ್ರ ನೀರ ಸೈತ ಕೇಳಂಗಿಲ್ಲ’ ಎಂಬ ಒಕ್ಕಣೆ. ಈ ಸಲ ಆಲಮಟ್ಟಿ ಹಿನ್ನೀರಿನ ಹೆಸರಲ್ಲೂ ಬಂತು.

ಅದು ನೀರೊಳ್ಳೆ. ಮೈಮೇಲೆ ಕಪ್ಪು ಚೌಕುಳಿ, ಊಟಕ್ಕೆ ಮೀನು, ಕಪ್ಪೆ. ಹೆಸರಿನಲ್ಲಿರುವ ‘ಒಳ್ಳೆ’ ಹಾವಿನದೇ ಹೆಸರು, ಅದರ ನಡತೆಗೆ ಕೊಟ್ಟ ಪ್ರಮಾಣಪತ್ರವಲ್ಲ. ಕೆಣಕಿದರೆ ಚೆನ್ನಾಗಿಯೇ ಕಚ್ಚುತ್ತದೆ. ವಿಷ ಮಾತ್ರ ಇಲ್ಲ.

ಕಡಲ ಹಾವು ಬೇರೆಯೇ ಕುಲ: ನಾಗರ, ಕಟ್ಟುಹಾವುಗಳ ದಾಯಾದಿ. ಗುರುತು ಬೇಕಾದರೆ ತಲೆ ಬಿಟ್ಟು ಬಾಲ ನೋಡಿ. ನೀರೊಳ್ಳೆಯ ಬಾಲ ದುಂಡಗಿದ್ದು ತುದಿಗೆ ಚೂಪಾಗುತ್ತದೆ. ಕಡಲ ಹಾವಿನದು ಅಂಬಿಗನ ಹುಟ್ಟಿನಂತೆ ಎರಡೂ ಬದಿಯಿಂದ ಚಪ್ಪಟೆ. ಬಹುತೇಕ ಜಾತಿಗಳಲ್ಲಿ ಹೊಟ್ಟೆಯಡಿಯ ಅಗಲ ಹುರುಪೆಗಳು ಕುಗ್ಗಿಹೋಗಿವೆ, ಹಾಗಾಗಿ ನೆಲಕ್ಕೆ ಬಿದ್ದರೆ ಹರಿಯಲು ಬಾರದು. ಮರಿ ಹಾಕುವುದೂ ನೀರಲ್ಲೇ. ಮೂಗಿಗೆ ಕವಾಟ, ಹೆಚ್ಚುಕಡಿಮೆ ಮೈಯುದ್ದದ ಶ್ವಾಸಕೋಶ, ಚರ್ಮದಿಂದಲೂ ಒಂದಿಷ್ಟು ಆಮ್ಲಜನಕ. ಆದರೂ ಮೀನಿನ ಕಿವಿರಿಲ್ಲ, ಉಸಿರಿಗೆ ಮೇಲೆ ಬರಲೇಬೇಕು. ನಾಲಿಗೆಯಡಿಯ ಗ್ರಂಥಿ ಉಪ್ಪನ್ನು ಹೊರಹಾಕುತ್ತದೆ. ಇಷ್ಟಿದ್ದೂ ಹಳದಿ ಹೊಟ್ಟೆಯ ಕಡಲ ಹಾವು ಬಾಯಾರಿದರೆ ಮಳೆಗೇ ಕಾಯಬೇಕು; ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತ ಮಳೆನೀರನ್ನು ಕುಡಿಯುತ್ತದೆ.

‘ಸಿಹಿನೀರು ಕುಡಿಯುತ್ತದಲ್ಲ, ಹೊಳೆಗೂ ಬಂದೀತು’ ಎಂದು ವಾದಿಸುವವರಿದ್ದಾರೆ. ಅಳಿವೆಗಳಿಗೆ ಕೆಲವು ಬರುತ್ತವೆ, ನಿಜ. ಫಿಲಿಪ್ಪೀನ್ಸ್‌ನ ತಾಲ್ ಸರೋವರದಲ್ಲಿ ಒಂದು ಜಾತಿ ಸಿಹಿನೀರಲ್ಲೇ ನೆಲೆಸಿದೆ. ಆದರೆ ಬಂಗಾಳಕೊಲ್ಲಿಯಿಂದ ಆಲಮಟ್ಟಿ ತಲುಪಬೇಕಾದರೆ ವಿಜಯವಾಡದ ಪ್ರಕಾಶಂ ಬ್ಯಾರೇಜ್, ನಾಗಾರ್ಜುನಸಾಗರ, ಶ್ರೀಶೈಲ, ಜುರಾಲಾ, ನಾರಾಯಣಪುರ ಇಷ್ಟನ್ನೂ ಹತ್ತಬೇಕು. ಅದೂ ನೆಲದ ಮೇಲೆ ಹರಿಯಲಾರದ ಹಾವು!

ಇನ್ನು ‘ನೀರ ಸೈತ ಕೇಳಂಗಿಲ್ಲ’ ಎಂಬ ಮಾತು. ವಿಷ ತೀಕ್ಷ್ಣವೇ, ಅನುಮಾನವಿಲ್ಲ. ಆದರೆ ಎಷ್ಟೋ ಕಡಿತಗಳಲ್ಲಿ ವಿಷ ಮೈಗೆ ಇಳಿಯುವುದೇ ಇಲ್ಲ. ಕಡಿಸಿಕೊಳ್ಳುವವರು ಹೆಚ್ಚಾಗಿ ಬಲೆ ಬಿಡಿಸುವ ಮೀನುಗಾರರು. ಕಡಿದ ಜಾಗದಲ್ಲಿ ನೋವು, ಬಾವು ಅಷ್ಟಾಗಿ ಇರದ ಕಾರಣ ಹಾವು ಕಡಿದದ್ದೇ ಕೆಲವರಿಗೆ ಗೊತ್ತಾಗದು. ಅರ್ಧ ಗಂಟೆಯೋ ಕೆಲವು ಗಂಟೆಗಳೋ ಕಳೆದ ಮೇಲೆ ಮೈಕೈ ನೋವು, ಬಿಗಿತ ಶುರುವಾಗಿ ಕಣ್ಣಿನ ರೆಪ್ಪೆ ಜೋಲುತ್ತದೆ. ಸ್ನಾಯು ಕರಗಿ ಮೂತ್ರ ಕಂದಾಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ.

ಭಾನುವಾರ ಗೋವಾಕ್ಕೆ ಗಾಡಿ ಹತ್ತುವ ಬೆಳಗಾವಿಯವರಿಗೆ ಒಂದು ಮಾತು: ದಂಡೆಗೆ ಬಿದ್ದ ಕಡಲ ಹಾವು ಸತ್ತಂತೆ ಕಂಡರೂ ಫೋಟೊಗಾಗಿ ಎತ್ತಬೇಡಿ. ನಮ್ಮ ಆಸ್ಪತ್ರೆಗಳ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆಂದು ಮಾಡಿದ್ದು. ಕಡಲ ಹಾವಿನ ಪ್ರತಿವಿಷ ತಯಾರಾಗುವುದು ಆಸ್ಟ್ರೇಲಿಯಾದಲ್ಲಿ. ಇಲ್ಲಿನ ವೈದ್ಯರು ವೆಂಟಿಲೇಟರ್, ಡಯಾಲಿಸಿಸ್ ನಂಬಿಯೇ ಜೀವ ಉಳಿಸಬೇಕು.