ಸವಳು ನೆಲದಲ್ಲಿ ಶೇಂಗಾ ಏಕೆ ಜೊಳ್ಳಾಗುತ್ತದೆ, ಸೂರ್ಯಕಾಂತಿ ಹೇಗೆ ತಾಳಿಕೊಳ್ಳುತ್ತದೆ?

ಪ್ರಶ್ನೆ: ನಮ್ಮದು ಕಾಲುವೆ ನೀರಿನ ಕಪ್ಪು ಭೂಮಿ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ. ಶೇಂಗಾ ಬಿತ್ತಿದರೆ ಅಲ್ಲಲ್ಲಿ ಬೀಜ ಹುಟ್ಟುವುದೇ ಇಲ್ಲ, ಹುಟ್ಟಿದರೂ ಕಾಯಿ ಜೊಳ್ಳು. ಇಂತಹ ನೆಲಕ್ಕೆ ಯಾವ ಎಣ್ಣೆಕಾಳು ಹೊಂದುತ್ತದೆ?

ಉತ್ತರ: ಸಿಂಧನೂರು, ಗಂಗಾವತಿ, ಸಿರುಗುಪ್ಪಗಳಂತಹ ತುಂಗಭದ್ರಾ ಅಚ್ಚುಕಟ್ಟಿನ ಊರುಗಳ ರೈತರಿಗೆ ಈ ತೊಂದರೆ ಹೊಸದಲ್ಲ. ಕಪ್ಪು ಮಣ್ಣಿನಲ್ಲಿ ನೀರು ಬಸಿದುಹೋಗುವುದು ನಿಧಾನ. ಕಾಲುವೆಯಿಂದ ಸೋರಿದ ನೀರೂ ಹೊಲಕ್ಕೆ ಹೆಚ್ಚಾಗಿ ಹಾಯಿಸಿದ ನೀರೂ ಸೇರಿ ಅಂತರ್ಜಲ ಮೇಲೇರುತ್ತದೆ. ಬಿಸಿಲಿಗೆ ಆ ನೀರು ಆವಿಯಾದಾಗ ಅದರಲ್ಲಿ ಕರಗಿದ್ದ ಲವಣ ನೆಲದ ಮೇಲೆಯೇ ಉಳಿಯುತ್ತದೆ. ನೀವು ಕಂಡ ಬಿಳಿ ಪುಡಿ ಅದೇ.

ಲವಣದ ಮೊದಲ ಪೆಟ್ಟು ಬೀಜಕ್ಕೆ. ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಆ ನೀರನ್ನು ಹೀರಿಕೊಳ್ಳುವುದು ಬೀಜಕ್ಕೂ ಬೇರಿಗೂ ಕಷ್ಟವಾಗುತ್ತದೆ. ನೆಲ ಹಸಿಯಾಗಿದ್ದರೂ ಸಸಿ ಬಾಡುವುದು ಇದರಿಂದಲೇ. ಎರಡನೆಯ ಪೆಟ್ಟು ತಡವಾಗಿ ಕಾಣುತ್ತದೆ. ಸೋಡಿಯಂ ಮತ್ತು ಕ್ಲೋರೈಡ್ ಹಳೆಯ ಎಲೆಗಳಲ್ಲಿ ಸೇರುತ್ತಾ ಹೋಗಿ, ಎಲೆಯ ಅಂಚು ಸುಟ್ಟಂತಾಗಿ, ಗಿಡ ಆಹಾರ ತಯಾರಿಸುವ ಎಲೆಯ ವಿಸ್ತಾರವೇ ಕುಗ್ಗುತ್ತದೆ. ಕಾಳು ತುಂಬುವ ಹೊತ್ತಿಗೆ ಆಹಾರ ಸಾಲದೆ ಕಾಳಿನ ತೂಕ ಇಳಿಯುತ್ತದೆ, ಅನೇಕ ಬಾರಿ ಎಣ್ಣೆಯ ಅಂಶವೂ ಇಳಿಯುತ್ತದೆ.

ಆದರೆ ಎಲ್ಲ ಎಣ್ಣೆಕಾಳುಗಳೂ ಒಂದೇ ರೀತಿ ಸೋಲುವುದಿಲ್ಲ. ಮಣ್ಣಿನ ಲವಣವನ್ನು ವಿದ್ಯುತ್ ವಾಹಕತೆಯಿಂದ, ಮೀಟರಿಗೆ ಡೆಸಿಸೀಮನ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ; ನೀರಿನಿಂದ ಪೂರ್ತಿ ತೊಯ್ದ ಮಣ್ಣಿನ ರಸದಲ್ಲಿ ಅದು 4 ದಾಟಿದರೆ ಸವಳು ಮಣ್ಣು ಎನ್ನುತ್ತಾರೆ. ಶೇಂಗಾ ಸುಮಾರು 3.2ರವರೆಗೆ ತಡೆಯುತ್ತದೆ. ಅಲ್ಲಿಂದ ಮುಂದೆ ಪ್ರತಿ ಒಂದು ಮಾನಕ್ಕೆ ಇಳುವರಿ ಶೇ. 29ರಷ್ಟು ಕುಸಿಯುವುದರಿಂದ, 5 ಮುಟ್ಟುವ ಮೊದಲೇ ಅರ್ಧ ಬೆಳೆ ಹೋಗಿರುತ್ತದೆ. ಸೋಯಾ ಅವರೆ 5ರವರೆಗೆ ತಾಳಿಕೊಂಡು, ಬಳಿಕ ಶೇ. 20ರ ಲೆಕ್ಕದಲ್ಲಿ ಇಳಿಯುತ್ತದೆ. ಸೂರ್ಯಕಾಂತಿಯ ಮಿತಿ 4.8ರ ಆಸುಪಾಸು; ಆದರೆ ಅದನ್ನು ದಾಟಿದ ಮೇಲೆ ನಷ್ಟ ಪ್ರತಿ ಮಾನಕ್ಕೆ ಸುಮಾರು ಶೇ. 5 ಮಾತ್ರ. ಬೆಳೆಯ ಆಯ್ಕೆಯಲ್ಲಿ ಮಿತಿಯಷ್ಟೇ ಮುಖ್ಯವಾದದ್ದು ಮಿತಿ ದಾಟಿದ ಬಳಿಕ ಬೆಳೆ ಎಷ್ಟು ಬೇಗ ಕುಸಿಯುತ್ತದೆ ಎಂಬುದು. ಹೊಲದ ಎಲ್ಲ ಕಡೆ ಲವಣ ಒಂದೇ ಸಮ ಇರುವುದಿಲ್ಲವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ನಮ್ಮ ಮಣ್ಣು ಪರೀಕ್ಷಾ ಕೇಂದ್ರಗಳು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತವೆ. ನೀರು ಹೆಚ್ಚಾದಾಗ ಅಂಕಿ ತಗ್ಗಿ ಬರುತ್ತದೆ. ಚೀಟಿಯಲ್ಲಿ 2 ಎಂದು ಬರೆದಿರುವುದನ್ನು ನೋಡಿ ಶೇಂಗಾಕ್ಕೆ ಭಯವಿಲ್ಲ ಎಂದು ದಯವಿಟ್ಟು ನಿರ್ಧರಿಸಬೇಡಿ. ಯಾವ ವಿಧಾನದಲ್ಲಿ ಅಳೆದರು ಎಂದು ಕೇಂದ್ರದವರನ್ನೇ ಕೇಳಿ ತಿಳಿದುಕೊಳ್ಳಿ.

ಕಾಯಿ ಜೊಳ್ಳಾಗುವುದಕ್ಕೆ ಶೇಂಗಾದ ಸ್ವಭಾವವೇ ಕಾರಣ. ಹೂವಿನಿಂದ ಹೊರಟ ಮೊನಚು ತೊಟ್ಟು ಮಣ್ಣಿಗಿಳಿದು ಕಾಯಿಯಾಗುತ್ತದೆ. ಆ ಕಾಯಿ ತನಗೆ ಬೇಕಾದ ಸುಣ್ಣದಂಶವನ್ನು ಬೇರಿನ ಮೂಲಕವಲ್ಲದೆ ಬಹುಪಾಲು ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ. ಅಲ್ಲಿ ಸೋಡಿಯಂ ತುಂಬಿದ್ದರೆ ಸುಣ್ಣದಂಶ ಸಿಗದೆ ಒಳಗಿನ ಕಾಳು ಬೆಳೆಯುವುದಿಲ್ಲ. ಹೂ ಬಿಡುವ ಸಮಯದಲ್ಲಿ ಸುಣ್ಣದಂಶವಿರುವ ಜಿಪ್ಸಂ ಅನ್ನು ಎಕರೆಗೆ 2 ಕ್ವಿಂಟಲ್ ಕೊಡಬೇಕೆಂಬ ಶಿಫಾರಸಿನ ಹಿಂದೆ ಇರುವುದು ಈ ಕಾರಣ. ಲವಣ ಮಿತಿ ದಾಟಿದ ನೆಲದಲ್ಲಿ ಜಿಪ್ಸಂ ಕೊಟ್ಟರೂ ಶೇಂಗಾ ನಂಬುವ ಬೆಳೆಯಲ್ಲ ಎಂಬುದು ನನ್ನ ಅಭಿಪ್ರಾಯ.

ನಿಮ್ಮಂತಹ ನೆಲಕ್ಕೆ ಸೂರ್ಯಕಾಂತಿ, ಹಿಂಗಾರಿನಲ್ಲಿ ಕುಸುಬೆ ಹೊಂದುತ್ತವೆ. ಕುಸುಬೆಯ ತಾಯಿಬೇರು ಆಳಕ್ಕಿಳಿದು ಕೆಳಗಿನ ತೇವವನ್ನು ಬಳಸಿಕೊಳ್ಳುತ್ತದೆ. ಆದರೆ ಮೊಳೆಯುವಾಗ ಕುಸುಬೆಯೂ ಲವಣಕ್ಕೆ ಸೂಕ್ಷ್ಮ; ಆದ್ದರಿಂದ ಮಳೆ ಅಥವಾ ಒಳ್ಳೆಯ ನೀರು ಮೇಲ್ಮಣ್ಣಿನ ಲವಣವನ್ನು ಕೆಳಗಿಳಿಸಿದ ಬೆನ್ನಿಗೇ ಬಿತ್ತುವುದು ಮೇಲು. ಬೋದು ಮಾಡಿ ಬಿತ್ತುವವರು ಅದರ ನೆತ್ತಿಯನ್ನು ಬಿಟ್ಟು ಇಳಿಜಾರಿನ ಪಕ್ಕದಲ್ಲಿ ಬೀಜ ಹಾಕಬೇಕು, ಏಕೆಂದರೆ ಸಾಲಿನ ನೀರು ಮೇಲೇರಿ ಆರುವಾಗ ಲವಣ ಹೆಚ್ಚಾಗಿ ಶೇಖರವಾಗುವುದು ನೆತ್ತಿಯಲ್ಲಿ.

ಲವಣವನ್ನು ತೊಳೆಯಲು ನೀರು ಕಟ್ಟುವ ಮೊದಲು ಬಸಿಗಾಲುವೆ ಇರಲೇಬೇಕು. ಇಲ್ಲದಿದ್ದರೆ ಅದೇ ನೀರು ಅಂತರ್ಜಲವನ್ನು ಇನ್ನಷ್ಟು ಮೇಲಕ್ಕೆ ತರುತ್ತದೆ. ಪರೀಕ್ಷೆಯಲ್ಲಿ ರಸಸಾರ (pH) 8.5ಕ್ಕಿಂತ ಹೆಚ್ಚು ಬಂದರೆ ನೆಲದಲ್ಲಿ ಕ್ಷಾರವೂ ಇದೆಯೆಂದು ಅನುಮಾನಿಸಬೇಕು. ಆಗ ಎಷ್ಟು ಜಿಪ್ಸಂ ಬೇಕೆಂದು ಪ್ರಯೋಗಾಲಯದಿಂದ ತಿಳಿದು, ಅದನ್ನು ಮಣ್ಣಿಗೆ ಬೆರೆಸಿದ ನಂತರವೇ ನೀರು ನಿಲ್ಲಿಸಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂತಹ ನೆಲಗಳ ಬಗ್ಗೆಯೇ ಅಧ್ಯಯನ ನಡೆಯುತ್ತದೆ. ಮಣ್ಣಿನ ಮಾದರಿಯನ್ನು ಬೆಳೆ ಚೆನ್ನಾಗಿರುವ ಜಾಗದಿಂದಲೂ ಕೆಟ್ಟಿರುವ ಜಾಗದಿಂದಲೂ ಬೇರೆ ಬೇರೆಯಾಗಿ ತೆಗೆದುಕೊಂಡು ಹೋಗಿ.