ಪ್ಲಾಸ್ಟಿಕ್ ಬುಷ್‌ಗೆ ಫಿಲ್ಲರ್ ಯಾವುದು? ಮೊದಲು ಶಾಫ್ಟ್ ನೋಡಿ

ತುಮಕೂರಿನ ಕೈಗಾರಿಕಾ ಪ್ರದೇಶಗಳಾದ ಅಂತರಸನಹಳ್ಳಿಯಲ್ಲಾಗಲಿ ವಸಂತನರಸಾಪುರದಲ್ಲಾಗಲಿ, ಸವೆದ ಬುಷ್ (ಶಾಫ್ಟ್ ತಿರುಗಲು ಆಸರೆಯಾಗುವ ಕೊಳವೆ) ಹಿಡಿದು ಬಂದವರು ಕೇಳುವುದು ಒಂದೇ: ಇದಕ್ಕಿಂತ ಗಟ್ಟಿ ಮಾಲು ಕೊಡಿ. ಆದರೆ ಬುಷ್ ಒಂಟಿಯಾಗಿ ಸವೆಯುವುದಿಲ್ಲ, ಶಾಫ್ಟಿನೊಂದಿಗೆ ಉಜ್ಜಿ ಸವೆಯುತ್ತದೆ. ಶಾಫ್ಟ್ ಎಷ್ಟು ಗಟ್ಟಿ, ಎಷ್ಟು ನಯ, ನಡುವೆ ದೂಳು ಬೀಳುತ್ತದೋ ನೀರು ಬೀಳುತ್ತದೋ ಎಂಬುದು ತಿಳಿಯದೆ ಫಿಲ್ಲರ್, ಅಂದರೆ ಪ್ಲಾಸ್ಟಿಕ್ಕಿಗೆ ಬೆರೆಸುವ ಪುಡಿ ಅಥವಾ ನಾರು, ಆರಿಸಬಾರದು.

ಉದಾಹರಣೆಗೆ ಟೆಫ್ಲಾನ್ ಎಂಬ ಪ್ಲಾಸ್ಟಿಕ್ ತೆಗೆದುಕೊಳ್ಳಿ. ಉಕ್ಕಿನ ಮೇಲೆ ನಿಧಾನವಾಗಿ ಜಾರುವಾಗ ಅದರ ಘರ್ಷಣಾಂಕ 0.05ರಿಂದ 0.1ರಷ್ಟು, ಅಂದರೆ ತೀರಾ ಕಡಿಮೆ. ಆದರೂ ಏನೂ ಬೆರೆಸದ ಟೆಫ್ಲಾನ್ ಬೇಗ ಸವೆಯುತ್ತದೆ. ಅದರ ಅಣುಸರಪಳಿಗಳು ಸುಲಭವಾಗಿ ಜಾರುವುದರಿಂದ ಪದರ ಪದರವಾಗಿ ಎದ್ದುಹೋಗುತ್ತದೆ. ತೂಕದಲ್ಲಿ 15–25% ಗಾಜಿನ ನಾರು, ಸುಮಾರು 25% ಕಾರ್ಬನ್ ಅಥವಾ 40–60% ಕಂಚಿನ ಪುಡಿ ಸೇರಿಸಿದರೆ ಸವೆತ ನೂರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಇಳಿಯುತ್ತದೆ. ಫಿಲ್ಲರ್ ಭಾರ ಹೊರುತ್ತದೆ, ದೊಡ್ಡ ಚಕ್ಕೆ ಏಳದಂತೆ ತಡೆಯುತ್ತದೆ. ಆಗ ಸಣ್ಣ ಕಣಗಳು ಶಾಫ್ಟಿಗೆ ತೆಳುವಾಗಿ ಮೆತ್ತಿಕೊಂಡು, ಪ್ಲಾಸ್ಟಿಕ್ ಪ್ಲಾಸ್ಟಿಕ್ಕಿನ ಮೇಲೆಯೇ ಜಾರತೊಡಗುತ್ತದೆ.

ಈ ಪದರ ನಿಲ್ಲಬೇಕಾದರೆ ಶಾಫ್ಟಿನ ಸರಾಸರಿ ಒರಟುತನ 0.2–0.4 ಮೈಕ್ರಾನ್ ಇರಬೇಕು. ಹೆಚ್ಚಾದರೆ ಶಾಫ್ಟ್ ಅರದಂತೆ ಉಜ್ಜುತ್ತದೆ. ತೀರಾ ನಯವಾದರೆ ಪದರಕ್ಕೆ ಹಿಡಿತ ಸಿಗುವುದಿಲ್ಲ. ಲೇತ್‌ನಿಂದ ಇಳಿಸಿ ಹಾಗೇ ಜೋಡಿಸಿದ ಶಾಫ್ಟ್ ಸಾಲದು, ಗ್ರೈಂಡಿಂಗ್ ಆಗಲೇಬೇಕು. ದುಬಾರಿ ಮಾಲು ತಂದು ಈ ಖರ್ಚು ಉಳಿಸುವುದು ನನ್ನ ಲೆಕ್ಕದಲ್ಲಿ ಅತಿ ದೊಡ್ಡ ನಷ್ಟ.

ಗಾಜಿನ ನಾರು ಮೈಲ್ಡ್ ಸ್ಟೀಲ್, 304 ಸ್ಟೇನ್‌ಲೆಸ್, ಅಲ್ಯೂಮಿನಿಯಂ ಶಾಫ್ಟುಗಳನ್ನು ಗೀರುತ್ತದೆ. ಗೀರು ಬಿದ್ದ ಶಾಫ್ಟ್ ತಿರುಗಿ ಬುಷ್ಷನ್ನೇ ತಿನ್ನುತ್ತದೆ. ಶಾಫ್ಟಿನ ಗಡಸುತನ 45 ರಾಕ್‌ವೆಲ್ ಸಿ ದಾಟಿದ್ದರೆ ಗಾಜು ಹಾಕಿ, ಇಲ್ಲದಿದ್ದರೆ ಕಾರ್ಬನ್–ಗ್ರಾಫೈಟ್. ನೀರು ತಾಗುವಲ್ಲಿಯೂ ಕಾರ್ಬನ್ನೇ ಮೇಲು. ಕಂಚು ಶಾಖ ಹೊರಹಾಕುವುದರಲ್ಲಿ ಚೆನ್ನ, ಆಮ್ಲದ ಹತ್ತಿರ ಬೇಡ.

ಮಾಲು ಕೊಳ್ಳುವ ಮೊದಲು ಈ ಲೆಕ್ಕ ಮಾಡಿ. 30 ಮಿ.ಮೀ. ಶಾಫ್ಟ್, 30 ಮಿ.ಮೀ. ಉದ್ದದ ಬುಷ್, 600 ನ್ಯೂಟನ್ (ಸುಮಾರು 60 ಕೆ.ಜಿ.) ಭಾರ, ನಿಮಿಷಕ್ಕೆ 100 ಸುತ್ತು. ಭಾರವನ್ನು 30×30ರಿಂದ ಭಾಗಿಸಿದರೆ ಒತ್ತಡ ಚದರ ಮಿ.ಮೀ.ಗೆ 0.67 ನ್ಯೂಟನ್. ವೇಗ ಸೆಕೆಂಡಿಗೆ 0.157 ಮೀಟರ್, 1,000 ಗಂಟೆಯಲ್ಲಿ ಜಾರುವ ದೂರ ಸುಮಾರು 5,65,000 ಮೀಟರ್. ಮಾಲಿನ ಸವೆತ ದರ, ಪ್ರತಿ ನ್ಯೂಟನ್–ಮೀಟರಿಗೆ, ಒಂದು ಘನ ಮಿ.ಮೀ.ನ ಹತ್ತು ಲಕ್ಷದಲ್ಲೊಂದು ಪಾಲು ಎಂದಿಟ್ಟುಕೊಂಡು ಒತ್ತಡ, ದೂರ, ದರ ಮೂರನ್ನೂ ಗುಣಿಸಿದರೆ 0.38 ಮಿ.ಮೀ. ಸವೆತ. ದರ ಹತ್ತು ಪಟ್ಟಾದರೆ 3.8 ಮಿ.ಮೀ., ಅಂದರೆ ಬುಷ್ಷೇ ಮುಗಿಯಿತು. ಒತ್ತಡ ಮತ್ತು ವೇಗದ ಗುಣಲಬ್ಧ ಇಲ್ಲಿ ಸುಮಾರು 0.1. ಎಣ್ಣೆಯಿಲ್ಲದ ಸಾದಾ ನೈಲಾನ್‌ಗೆ ಅದು ಹೆಚ್ಚುಕಡಿಮೆ ಮಿತಿ; ಮೀರಿದರೆ ಬಿಸಿಯಾಗಿ ಮೆತ್ತಗಾಗುತ್ತದೆ.

ನೈಲಾನ್‌ಗೆ 30% ಗಾಜು ಮಾತ್ರ ಹಾಕಿದರೆ ಬಲ ಬರುತ್ತದೆ, ಜಾರುವ ಗುಣ ಬರುವುದಿಲ್ಲ. ಅದರೊಂದಿಗೆ ಸುಮಾರು 15% ಟೆಫ್ಲಾನ್ ಪುಡಿಯೂ ಬೇಕು. ನಾರಿಗೆ ಸೈಲೇನ್ (ನಾರನ್ನು ಪ್ಲಾಸ್ಟಿಕ್ಕಿಗೆ ಬೆಸೆಯುವ ರಾಸಾಯನಿಕ) ಲೇಪ ಇರಲೇಬೇಕು. ನೈಲಾನ್ ಜೊತೆ ಬೆಸೆಯದ ನಾರು ಕಿತ್ತು ಬಂದು ಮರಳಿನ ಕೆಲಸ ಮಾಡುತ್ತದೆ. ಮೋಲ್ಡಿಂಗ್‌ಗೆ ಮುಂಚೆ ಹರಳುಗಳನ್ನು 80 ಡಿಗ್ರಿಯಲ್ಲಿ ಕನಿಷ್ಠ ನಾಲ್ಕು ಗಂಟೆ ಒಣಗಿಸಿ. ತೇವ ಉಳಿದರೆ ಅಣುಸರಪಳಿ ತುಂಡಾಗಿ ಬುಷ್ ಬಿರುಕು ಬಿಡುತ್ತದೆ.

ಭತ್ತದ ಗಿರಣಿ, ಕಲ್ಲು ಕ್ರಷರ್‌ಗಳ ಮಾತೇ ಬೇರೆ. ಹೊಟ್ಟಿನಲ್ಲಿ ಸಿಲಿಕಾ, ಗ್ರಾನೈಟ್ ದೂಳಿನಲ್ಲಿ ಗಾಜಿಗಿಂತ ಗಟ್ಟಿಯಾದ ಕ್ವಾರ್ಟ್ಜ್ ಇರುತ್ತದೆ. ಇಲ್ಲಿ ನಾರು ತುಂಬಿದಷ್ಟೂ ಮಾಲು ಪೆಡಸಾಗಿ ಬೇಗ ಸವೆಯುವುದುಂಟು. ಗಾಳಿಕೊಳವೆಯ ಲೈನರ್‌ಗಳಿಗೆ ಅತಿ ಹೆಚ್ಚು ಅಣುತೂಕದ ಪಾಲಿಎಥಿಲೀನ್ ಅಥವಾ ಪಾಲಿಯುರೆಥೇನ್ ಹಾಕಿ. ಬುಷ್‌ಗಾದರೆ ಫಿಲ್ಲರಿಗಿಂತ ಮೊದಲು ಒಳ್ಳೆಯ ಸೀಲ್.

ಬೋರ್‌ವೆಲ್ ಪಂಪಿನ ಸುತ್ತ ಬರಿ ನೈಲಾನ್ ಬೇಡ. ನೈಲಾನ್ 6 ಪೂರ್ತಿ ನೆನೆದರೆ ಸುಮಾರು 9% ನೀರು ಹೀರುತ್ತದೆ. ಒತ್ತಿ ಕೂರಿಸಿದ ಬುಷ್ ಹೊರಗೆ ಹಿಗ್ಗಲಾರದೆ ಒಳಗೆ ಹಿಗ್ಗಿ ಶಾಫ್ಟನ್ನು ಕಚ್ಚುತ್ತದೆ. ಅಲ್ಲಿ ಕಾರ್ಬನ್ ತುಂಬಿದ ಟೆಫ್ಲಾನ್ ಅಥವಾ 1%ಕ್ಕಿಂತ ಕಡಿಮೆ ನೀರು ಹೀರುವ ಅಸಿಟಾಲ್ ಎಂಬ ಪ್ಲಾಸ್ಟಿಕ್ ಬಳಸಿ.