‘ಕೆಳಗೆ’ ಅಂದ್ರೆ ಎಲ್ಲಿ?

ಹತ್ತೊಂಬತ್ತರ ಹುಡುಗ. ಸುಸ್ತು, ಊಟ ಸೇರಲ್ಲ, ಓದಿದ್ದು ತಲೆಗೆ ಹತ್ತಲ್ಲ ಎಂದೆಲ್ಲ ಹೇಳಿದ್ದು ಜೊತೆಗೆ ಬಂದಿದ್ದ ಅಮ್ಮ. ಅವರನ್ನು ಹೊರಗೆ ಕೂರಿಸಿದ ಮೇಲೆ ಹುಡುಗ ನೆಲ ನೋಡುತ್ತಾ, ‘ಕೆಳಗೆ ಪ್ರಾಬ್ಲಮ್ ಡಾಕ್ಟ್ರೇ’ ಎಂದ. ಕೆಳಗೆ ಅಂದ್ರೆ ಎಲ್ಲಿ? ಉತ್ತರವಿಲ್ಲ. ಮೊಬೈಲ್ ತೆಗೆದು ಒಂದು ಪಟ್ಟಿ ತೋರಿಸಿದ. ಬರೀ ತಾರೀಖುಗಳು. ನಿದ್ದೆಯಲ್ಲಿ ವೀರ್ಯ ಹೋದ ಎಂಟು ತಿಂಗಳ ದಿನಗಳನ್ನೆಲ್ಲ ಸಾಲದ ಲೆಕ್ಕದಂತೆ ಬರೆದಿಟ್ಟಿದ್ದ.

ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ ಬೇಕು ಅಂತ ಅವನ ನಂಬಿಕೆ. ತಮಾಷೆಯೆಂದರೆ, ಸ್ವಿಟ್ಜರ್ಲೆಂಡಿನ ವೈದ್ಯ ಟಿಸ್ಸೋ 1760ರಲ್ಲಿ ಹಸ್ತಮೈಥುನದ ವಿರುದ್ಧ ಬರೆದು ಯುರೋಪನ್ನು ಹೆದರಿಸಿದಾಗ ಹಾಕಿದ ಲೆಕ್ಕವೂ ಒಂದಕ್ಕೆ ನಲವತ್ತೇ. ಹನಿಯ ಬದಲು ಔನ್ಸ್, ಅಷ್ಟೇ. ಚೀನಾದಲ್ಲಿ ಇಂಥದ್ದೇ ಭಯಕ್ಕೆ ಶೆನ್‌ಕುಯಿ ಎನ್ನುತ್ತಾರೆ. ದಕ್ಷಿಣ ಏಷ್ಯಾದಲ್ಲಿ ಕಾಣುವುದಕ್ಕೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು.

ಹುಡುಗನಿಗೆ ಹೇಳಿದ್ದು ಇಷ್ಟು. ವೀರ್ಯ ರಕ್ತದಿಂದ ಭಟ್ಟಿ ಇಳಿಸಿದ್ದಲ್ಲ. ಅದರಲ್ಲಿ ಬಹುಪಾಲು ಗ್ರಂಥಿಗಳಿಂದ ಬರುವ ದ್ರವ, ಒಂದು ಸಲಕ್ಕೆ ಹೆಚ್ಚೆಂದರೆ ಒಂದು ಚಮಚದಷ್ಟು. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಆದರೆ ತಯಾರಿ ಮಾತ್ರ ದಿನವೂ ನಡೆದೇ ಇರುತ್ತದೆ. ನಿದ್ದೆಯಲ್ಲಿ ಹೋಗುವುದು ರೋಗವಲ್ಲ. ಅವನಿಗಿದ್ದ ಸುಸ್ತು ನಿಜ. ಹೆದರಿ ರಾತ್ರಿಯೆಲ್ಲ ಎಚ್ಚರವಿದ್ದವನಿಗೆ ಸುಸ್ತಾಗದೆ ಇರುತ್ತಾ?

ಇದನ್ನು ಎಂಟು ತಿಂಗಳ ಹಿಂದೆಯೇ ಯಾರನ್ನಾದರೂ ಕೇಳಬಹುದಿತ್ತು ಅಲ್ವಾ? ಯಾವ ಮಾತಲ್ಲಿ ಕೇಳಬೇಕು? ಮಕ್ಕಳಿಗೆ ಕಣ್ಣು, ಮೂಗು, ಮೊಣಕೈ ಎಲ್ಲ ಹೇಳಿಕೊಡುತ್ತೇವೆ. ಹೊಕ್ಕುಳ ದಾಟಿದರೆ ‘ಛೀ’. ಆ ಅಂಗಗಳಿಗೆ ಪದಗಳು ಇಲ್ಲ ಅಂತಲ್ಲ, ಬೈಗುಳಕ್ಕೆ ಬೇಕಾದಷ್ಟಿವೆ. ಡಾಕ್ಟರ ಮುಂದೆ ಹೇಳಲು ಒಂದೂ ಬಾಯಿಗೆ ಬರಲ್ಲ. ನಾನೂ ಮೆಡಿಕಲ್ ಕಾಲೇಜಿಗೆ ಸೇರುವವರೆಗೆ ‘ವೃಷಣ’ ಎಂದು ಬಾಯಿಬಿಟ್ಟು ಹೇಳಿದವನಲ್ಲ. ಯಾರೋ ಮುಟ್ಟಬಾರದ ಕಡೆ ಮುಟ್ಟಿದಾಗ ಮಗು ಮನೆಗೆ ಬಂದು ಏನು ಹೇಳಬೇಕು? ಅದನ್ನು ನೆನೆದರೆ ನನಗೆ ಈಗಲೂ ಸಂಕಟ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಮೊದಲ ರಾತ್ರಿ ರಕ್ತ ಬಾರದಿದ್ದರೆ ನಡತೆಯನ್ನೇ ಅನುಮಾನಿಸುವ ಸಮಾಜಗಳು ಇವತ್ತಿಗೂ ಹಲವು ಖಂಡಗಳಲ್ಲಿವೆ. ಕನ್ಯಾಪೊರೆ ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುತ್ತದೆ, ಎಷ್ಟೋ ಜನರಿಗೆ ರಕ್ತ ಬರುವುದೇ ಇಲ್ಲ. ಕನ್ಯತ್ವ ಪರೀಕ್ಷೆಗೆ ವಿಜ್ಞಾನದ ಆಧಾರವಿಲ್ಲ, ಅದನ್ನು ನಿಲ್ಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಹಾಗೆ ಹೇಳಬೇಕಾಗಿ ಬಂತಲ್ಲ!

‘ಹೇಳಿಕೊಟ್ಟರೆ ಮಾಡಿಯೇ ಬಿಡ್ತಾರೆ’ ಎಂದು ಅಪ್ಪ ಅಮ್ಮಂದಿರು ಹೆದರುತ್ತಾರೆ. ಸ್ವೀಡನ್ 1955ರಲ್ಲೇ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಕಡ್ಡಾಯ ಮಾಡಿತು. ಇಂಥ ಪಾಠಗಳ ಮೇಲಿನ ಅಧ್ಯಯನಗಳನ್ನೆಲ್ಲ ನೋಡಿ ಯುನೆಸ್ಕೋ 2018ರ ಮಾರ್ಗಸೂಚಿಯಲ್ಲಿ ಹೇಳಿದ್ದು ಅಪ್ಪ ಅಮ್ಮಂದಿರ ಹೆದರಿಕೆಗೆ ತದ್ವಿರುದ್ಧ: ಪಾಠದಿಂದ ಲೈಂಗಿಕ ಚಟುವಟಿಕೆ ಜಾಸ್ತಿಯಾಗಲ್ಲ. ಚೆನ್ನಾಗಿ ಕಲಿಸಿದರೆ ಶುರುವಾಗುವುದು ತಡವಾಗುತ್ತದೆ, ಕಾಂಡೋಮ್ ಬಳಕೆ ಹೆಚ್ಚುತ್ತದೆ.

ಹುಡುಗ ನನ್ನೆದುರೇ ಆ ಪಟ್ಟಿ ಅಳಿಸಿದ. ಹೊರಗೆ ಅಮ್ಮ ಎದ್ದು ನಿಂತರು. ‘ಏನಾಗಿದೆ ಡಾಕ್ಟ್ರೇ?’ ಏನೂ ಆಗಿಲ್ಲ ಎಂದೆ. ‘ಮತ್ತೆ ನನ್ನ ಹತ್ರ ಹೇಳ್ಬಹುದಿತ್ತಲ್ಲ’ ಎಂದು ಮಗನ ಕಡೆ ತಿರುಗಿದರು. ಅವನು ಚಪ್ಪಲಿ ಹುಡುಕುವುದರಲ್ಲಿದ್ದ.